‘ಅವನನ್ನು ಬಿಟ್ಟುಬಿಡು’ ಅಂದೆ, ಹುಡುಗಿ ನನ್ನನ್ನೇ ಬಿಟ್ಟಳು. ಈಗ ಏನು ಮಾಡಲಿ?

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ನನ್ನ ಕ್ಲಾಸಿನ 16 ವರ್ಷದ ಹುಡುಗಿಯೊಬ್ಬಳು ಅದೇ ಕ್ಲಾಸಿನ ಹುಡುಗನನ್ನು ಕೆಲವು ತಿಂಗಳಿಂದ ಪ್ರೀತಿಸುತ್ತಿದ್ದಾಳೆ. ಮೊದಲೆಲ್ಲ ಬಿಡುವಿನಲ್ಲಿ ಗೆಳತಿಯರ ಗುಂಪಿನಲ್ಲಿ ಇರುತ್ತಿದ್ದವಳು ಈಗ ಅವನ ಪಕ್ಕ ಬಿಟ್ಟು ಕದಲುವುದಿಲ್ಲ. ಬೆಲ್ ಹೊಡೆದ ಕೂಡಲೇ ಫೋನ್ ತೆಗೆದು ಅವನ ಕೈಗೆ ಕೊಡುತ್ತಾಳೆ. ಒಂದು ದಿನ ಅವಳ ತೋಳಿನ ಮೇಲೆ ಬೆರಳಿನ ಗುರುತು ಕಂಡೆ. ಕರೆದು ಕೇಳಿದೆ. ಅತ್ತಳು, ಸ್ವಲ್ಪ ಹೇಳಿಕೊಂಡಳು. ‘ಅವನನ್ನು ಈಗಲೇ ಬಿಟ್ಟುಬಿಡು’ ಅಂದೆ. ಎರಡು ದಿನ ದೂರ ಇದ್ದಳು, ಮೂರನೇ ದಿನ ಮತ್ತೆ ಅವನ ಪಕ್ಕ. ಈಗ ನನ್ನ ಕಣ್ಣು ತಪ್ಪಿಸಿ ಓಡಾಡುತ್ತಾಳೆ. ನಾನೊಬ್ಬಳು ಅವಳ ಜೊತೆ ನಿಂತರೆ ನಿಜವಾಗಿ ಏನಾದರೂ ಬದಲಾಗುತ್ತಾ?

ಉತ್ತರ: ಬದಲಾಗುತ್ತೆ. ಆದರೆ ನಿಧಾನವಾಗಿ. ನೀವು ನಿಂತಿರುವುದು ಕೆಲವು ತಿಂಗಳು ಅವಳ ಮುಖದಲ್ಲಿ ಕಾಣಿಸದೇ ಇರಬಹುದು. ಅದಕ್ಕೆ ಮೊದಲೇ ತಯಾರಾಗಿರಿ.

ಅವಳು ನಿಮ್ಮ ಕಣ್ಣು ತಪ್ಪಿಸುತ್ತಿರುವುದನ್ನು ಸಿಟ್ಟು ಅಂದುಕೊಳ್ಳಬೇಡಿ. ಬಹಳ ಸಲ ಅದು ನಾಚಿಕೆ. ಟೀಚರ್ ಹೇಳಿದ್ದನ್ನು ಮಾಡಲಿಲ್ಲ, ಈಗ ಯಾವ ಮುಖ ಇಟ್ಟುಕೊಂಡು ಮಾತಾಡಲಿ ಅನ್ನುವ ಸಂಕಟ. ಅದರ ಜೊತೆಗೆ ಹೆದರಿಕೆಯೂ ಇರಬಹುದು. ನಿಮ್ಮ ಹತ್ತಿರ ಮಾತಾಡಿದ್ದು ಅವನಿಗೆ ಗೊತ್ತಾಗಿ, ಅದಕ್ಕೂ ಅವಳು ಬೈಸಿಕೊಂಡಿರಬಹುದು. ಅಷ್ಟೆಲ್ಲ ಇದ್ದರೂ ಅವಳ ಬಳಿ ಒಂದು ಸಂಗತಿ ಉಳಿದಿದೆ: ತನಗೆ ಏನೋ ಆಗುತ್ತಿದೆ ಅಂತ ಒಬ್ಬರು ದೊಡ್ಡವರು ಗಮನಿಸಿದ್ದಾರೆ, ತಾನು ಅತ್ತಾಗ ಬೈಯಲಿಲ್ಲ. ಅದು ಸಣ್ಣದಲ್ಲ.

ಡೇಟಿಂಗ್ ಹಿಂಸೆ ಅಂದ ಕೂಡಲೇ ನಮಗೆ ಹೊಡೆತ ನೆನಪಾಗುತ್ತೆ. ಅಮೆರಿಕದಲ್ಲಿ 2019ರಲ್ಲಿ ನಡೆದ ರಾಷ್ಟ್ರಮಟ್ಟದ ಸಮೀಕ್ಷೆಯಲ್ಲಿ, ಹಿಂದಿನ ಒಂದು ವರ್ಷದಲ್ಲಿ ಡೇಟಿಂಗ್ ಮಾಡಿದ್ದ ಹೈಸ್ಕೂಲ್ ಮಕ್ಕಳ ಪೈಕಿ ಸುಮಾರು 12ರಲ್ಲಿ ಒಬ್ಬರು ಸಂಗಾತಿಯಿಂದ ದೈಹಿಕ ಹಿಂಸೆ ಆಗಿದೆ ಎಂದಿದ್ದರು. ಆದರೆ ಹೊಡೆತದ ಹಿಂದೆ, ಅದಕ್ಕೂ ಎಷ್ಟೋ ದಿನ ಮೊದಲೇ ಶುರುವಾಗಿರುವುದು ಬೇರೆ. ಆ ಗೆಳತಿ ನಿನಗೆ ಸರಿ ಇಲ್ಲ ಅಂತ ಒಂದು ದಿನ. ಅವಳ ಮೆಸೇಜಿಗೆ ಯಾಕೆ ಅಷ್ಟು ಬೇಗ ಉತ್ತರ ಕೊಟ್ಟೆ, ನನಗೆ ಯಾಕೆ ಕೊಡಲಿಲ್ಲ ಅಂತ ಇನ್ನೊಂದು ದಿನ. ಪ್ರೀತಿ ಇದ್ದರೆ ಪಾಸ್‌ವರ್ಡ್ ಕೊಡೋಕೆ ಏನು ಕಷ್ಟ ಅಂತ ಮತ್ತೊಂದು ದಿನ. ಲೊಕೇಶನ್ ಆನ್ ಇರಬೇಕು. ಆಟದ ತಂಡ ಬಿಡಬೇಕು. ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಬಾರದು. ಪ್ರತಿಯೊಂದೂ ಚಿಕ್ಕದು, ಪ್ರತಿಯೊಂದಕ್ಕೂ ಪ್ರೀತಿಯ ಹೆಸರು. ಗೆಳತಿಯರೂ ‘ಎಷ್ಟು ಪೊಸೆಸಿವ್ ನೋಡೇ ಅವನು’ ಅಂತ ಮೆಚ್ಚಿಕೊಂಡೇ ಹೇಳಿರುತ್ತಾರೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅವಳ ಸುತ್ತ ಇದ್ದವರೆಲ್ಲ ಒಬ್ಬೊಬ್ಬರಾಗಿ ಸರಿದಿರುತ್ತಾರೆ. ತನ್ನ ಬಗ್ಗೆ ಅಭಿಪ್ರಾಯ ಹೇಳಲು ಅವಳಿಗೆ ಉಳಿಯುವುದು ಒಬ್ಬನೇ ಒಬ್ಬ.

ಹಾಗೆ ಒಬ್ಬನೇ ಉಳಿದಾಗ ಅವನು ಹೇಳಿದ್ದೇ ನಿಜ ಅನ್ನಿಸಲು ಶುರುವಾಗುತ್ತೆ. ‘ನೀನೇ ನನಗೆ ಸಿಟ್ಟು ಬರಿಸೋದು’ ಅಂದರೆ ಹೌದು ಅನ್ನಿಸುತ್ತೆ. ‘ನಿನ್ನನ್ನು ನನ್ನಷ್ಟು ಯಾರು ಸಹಿಸ್ಕೋತಾರೆ’ ಅಂದರೆ ಅದೂ ಹೌದು. ಹದಿನಾರರಲ್ಲಿ ಇದು ಜಾಸ್ತಿ ನಾಟುತ್ತೆ, ಯಾಕೆಂದರೆ ಹೋಲಿಸಿ ನೋಡಲು ಹಿಂದಿನ ಅನುಭವ ಅಂತ ಏನೂ ಇಲ್ಲ. ಎಷ್ಟೋ ಮಕ್ಕಳಿಗೆ ಇದು ಮೊದಲ ಪ್ರೀತಿ. ಪ್ರೀತಿ ಅಂದರೆ ಹೀಗೇ ಇರುತ್ತೇನೋ ಅಂದುಕೊಳ್ಳುತ್ತಾರೆ.

ಒಳ್ಳೆಯ ಸಂಬಂಧ ಕೆಲಸ ಮಾಡುವುದು ಇಲ್ಲೇ. ಎದುರಿಗೆ ಇನ್ನೊಬ್ಬರು ಕೂತು, ಅವಳು ಹೇಳುವುದನ್ನು ಪೂರ್ತಿ ಕೇಳಿ, ‘ಅದು ನಿನ್ನ ತಪ್ಪಲ್ಲ’ ಅಂದಾಗ ಅವಳಿಗೆ ಎರಡನೇ ಅಭಿಪ್ರಾಯ ಸಿಗುತ್ತೆ. ಅವಳು ಅದನ್ನು ಅಲ್ಲೇ ಒಪ್ಪಬೇಕಿಲ್ಲ. ವಾದ ಮಾಡಬಹುದು, ಅವನ ಪರ ಮಾತಾಡಬಹುದು. ಪರವಾಗಿಲ್ಲ. ರಾತ್ರಿ ಅವನಿಂದ 40 ಮೆಸೇಜ್ ಬಂದಾಗ ಆ ಮಾತು ಅವಳ ತಲೆಯಲ್ಲಿ ಇರುತ್ತೆ.

ಇನ್ನೊಂದು ಕೆಲಸ ಮಾತೇ ಇಲ್ಲದೆ ನಡೆಯುತ್ತೆ, ನನ್ನ ಪ್ರಕಾರ ಅದೇ ದೊಡ್ಡದು. ನೀವು ಅವಳಿಗೆ ‘ನಾಳೆ ಮಾತಾಡೋಣವಾ?’ ಅಂತ ಕೇಳುತ್ತೀರಿ. ಅವಳು ‘ಬೇಡ’ ಅನ್ನುತ್ತಾಳೆ. ನೀವು ‘ಸರಿ, ಯಾವಾಗ ಬೇಕೋ ಆಗ’ ಅಂದು ನಗುಮುಖದಲ್ಲೇ ಹೊರಡುತ್ತೀರಿ. ಬೇಡ ಅಂದರೂ ಎದುರಿಗಿದ್ದವರು ಮುಖ ತಿರುಗಿಸಲಿಲ್ಲ, ಕೂಗಾಡಲಿಲ್ಲ, ಮಾರನೇ ದಿನ ಮೊದಲಿನಂತೆಯೇ ಮಾತಾಡಿಸಿದರು. ಬೇಡ ಅಂದಿದ್ದಕ್ಕೆ ಅವನ ಹತ್ತಿರ ಏನೇನು ಅನುಭವಿಸಬೇಕು ಅಂತ ಅವಳಿಗೆ ಗೊತ್ತು. ಎರಡೂ ಪಕ್ಕಪಕ್ಕದಲ್ಲಿ ಇದ್ದಾಗ ವ್ಯತ್ಯಾಸ ತಾನಾಗಿ ಕಾಣುತ್ತೆ. ಸಂಬಂಧ ಹೇಗಿರಬೇಕು ಅಂತ ಒಂದು ಗಂಟೆ ಪಾಠ ಮಾಡಿದರೂ ಇಷ್ಟು ತಲುಪುವುದಿಲ್ಲ.

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. 1985ರಲ್ಲಿ ಶೆಲ್ಡನ್ ಕೋಹೆನ್ ಮತ್ತು ಥಾಮಸ್ ವಿಲ್ಸ್ ಎಂಬ ಮನಶ್ಶಾಸ್ತ್ರಜ್ಞರು ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕಷ್ಟ ಬಂದಾಗ ನನಗೆ ಜನ ಇದ್ದಾರೆ ಅನ್ನುವ ನಂಬಿಕೆಯೇ ಒತ್ತಡದ ಪೆಟ್ಟನ್ನು ಎಷ್ಟೋ ತಗ್ಗಿಸುತ್ತೆ ಎಂದು ಅವರು ತೋರಿಸಿದರು. ಗಮನಿಸಿ, ನಂಬಿಕೆ. ಅವಳು ನಿಮ್ಮ ಹತ್ತಿರ ಬರದೇ ಇದ್ದರೂ, ಬಂದರೆ ನೀವು ಇರುತ್ತೀರಿ ಅಂತ ಅವಳಿಗೆ ಗೊತ್ತಿದ್ದರೆ ಅದೂ ಲೆಕ್ಕಕ್ಕೆ ಬರುತ್ತೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಮನೆಯ ಜಗಳಗಳ ನಡುವೆ ಬೆಳೆದರೂ ಚೆನ್ನಾಗಿ ಬದುಕು ಕಟ್ಟಿಕೊಂಡವರಲ್ಲಿ ಮತ್ತೆ ಮತ್ತೆ ಕಂಡ ಒಂದು ಅಂಶ, ಅಕ್ಕರೆಯಿಂದ ನೋಡಿಕೊಂಡ ಒಬ್ಬರಾದರೂ ದೊಡ್ಡವರು. ಎಷ್ಟೋ ಸಲ ಅದು ಅಪ್ಪ ಅಮ್ಮ ಅಲ್ಲ. ಅಜ್ಜಿಯೋ, ನೆರೆಯವರೋ, ಒಬ್ಬ ಟೀಚರೋ. ಅದು ಡೇಟಿಂಗ್ ಹಿಂಸೆಯ ಅಧ್ಯಯನ ಅಲ್ಲ, ಆದರೂ ‘ನಾನೊಬ್ಬಳು’ ಅನ್ನುವ ನಿಮ್ಮ ಅನುಮಾನಕ್ಕೆ ಅದರಲ್ಲಿ ಉತ್ತರ ಇದೆ.

ಈಗ ‘ಬಿಟ್ಟುಬಿಡು’ ಅಂದಿದ್ದರ ಬಗ್ಗೆ. ಯಾರಿಗಾದರೂ ಮೊದಲು ಬಾಯಿಗೆ ಬರುವ ಮಾತೇ ಅದು, ಕಾಳಜಿಯಿಂದಲೇ ಬರುತ್ತೆ. ತೊಂದರೆ ಏನೆಂದರೆ, ಅವಳು ಯಾರ ಜೊತೆ ಇರಬೇಕು, ಯಾರನ್ನು ಬಿಡಬೇಕು ಅಂತ ಈಗಾಗಲೇ ಒಬ್ಬ ಹೇಳುತ್ತಿದ್ದಾನೆ. ನೀವೂ ಅದನ್ನೇ ಹೇಳಿದರೆ, ಅವಳ ಪಾಲಿಗೆ ಅಪ್ಪಣೆ ಕೊಡುವವರು ಇಬ್ಬರಾದರು. ಎರಡನೆಯದಾಗಿ, ಬಿಡುವ ಹೊತ್ತೇ ಅಪಾಯದ ಹೊತ್ತು. ಹಿಡಿತ ಕೈತಪ್ಪುತ್ತಿದೆ ಅಂತ ಗೊತ್ತಾದಾಗ ಬೆದರಿಕೆ ಜೋರಾಗುತ್ತೆ. ಫೋಟೋ ಎಲ್ಲರಿಗೂ ಕಳಿಸುತ್ತೇನೆ ಅನ್ನುವುದು, ಸತ್ತುಹೋಗುತ್ತೇನೆ ಅನ್ನುವುದು, ಮನೆಗೆ ಹೇಳುತ್ತೇನೆ ಅನ್ನುವುದು. ಅವಳು ಮರಳಿ ಹೋದದ್ದಕ್ಕೆ ಇಂಥದ್ದೇ ಕಾರಣ ಇದ್ದಿರಬಹುದು. ಅಥವಾ ಅವನು ಅತ್ತು ಕ್ಷಮೆ ಕೇಳಿರಬಹುದು. ಹಾಗೆ ಕ್ಷಮೆ ಕೇಳಿದ ಮೇಲಿನ ಒಂದೆರಡು ವಾರ ತುಂಬಾ ಸಿಹಿಯಾಗಿಯೇ ಇರುತ್ತೆ, ಅದಕ್ಕೇ ನಂಬುತ್ತಾರೆ. ಒಂದು ಸಲ ಬಿಟ್ಟು ಮತ್ತೆ ಹೋಗುವುದು ಈ ಹಾದಿಯಲ್ಲಿ ತೀರಾ ಸಾಮಾನ್ಯ. ದಯವಿಟ್ಟು ಅದನ್ನು ನಿಮ್ಮ ಸೋಲು ಅಂತಲೂ, ಅವಳ ದಡ್ಡತನ ಅಂತಲೂ ಎಣಿಸಬೇಡಿ.

ಹಾಗಾದರೆ ಏನು ಹೇಳಬೇಕು? ಕಡಿಮೆ ಹೇಳಿ, ಜಾಸ್ತಿ ಕೇಳಿ. ‘ನೀನು ಹೇಳಿದ್ದನ್ನು ನಾನು ನಂಬುತ್ತೇನೆ’, ‘ನಿನಗೆ ಹೀಗಾಗಬಾರದಿತ್ತು’, ‘ಈಗ ನಿನಗೆ ಯಾವುದು ಕಷ್ಟ ಆಗ್ತಿದೆ?’ ಇಷ್ಟು ಸಾಕು. ಅವನನ್ನು ಬೈಯಬೇಡಿ. ನೀವು ಬೈದಷ್ಟೂ ಅವಳು ಅವನನ್ನು ಕಾಪಾಡಲು ನಿಲ್ಲುತ್ತಾಳೆ, ಮಾತು ಅಲ್ಲಿಗೇ ಮುಗಿಯುತ್ತೆ. ಅವನು ಎಂಥವನು ಅನ್ನುವುದನ್ನು ಬಿಟ್ಟು ಏನು ಮಾಡಿದ ಅನ್ನುವುದರ ಬಗ್ಗೆ ಮಾತಾಡಿ: ‘ತೋಳು ಹಿಡಿದು ಹಿಂಡಿದ್ದು ಸರಿಯಲ್ಲ.’ ‘ನೀನೇನು ಮಾಡಿದೆ?’, ‘ಮೊದಲೇ ಯಾಕೆ ಹೇಳಲಿಲ್ಲ?’, ‘ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ?’ ಈ ಮೂರು ಮಾತು ಯಾವ ಕಾರಣಕ್ಕೂ ಬೇಡ. ದೌರ್ಜನ್ಯಕ್ಕೆ ಒಳಗಾದವರು ಹೇಳಿಕೊಂಡಾಗ ಕೇಳುಗರು ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದನ್ನು ಸಾರಾ ಉಲ್ಮನ್ ಎಂಬ ಸಂಶೋಧಕಿ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಒಳ್ಳೆಯ ಮಾತು ಮಾಡುವ ಉಪಕಾರಕ್ಕಿಂತ, ದೂರುವ ಮಾತು ಮಾಡುವ ಹಾನಿ ಹೆಚ್ಚು ಗಟ್ಟಿಯಾಗಿ ಕಾಣಿಸುತ್ತೆ. ಹೇಳಿಕೊಂಡು ಬೈಸಿಕೊಂಡ ಮಗು ಮುಂದಿನ ಸಲ ಯಾರಿಗೂ ಹೇಳುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ಅವಳು ಅಪ್ರಾಪ್ತೆ, ಮೈಮೇಲೆ ಗುರುತು ಕಂಡಿದೆ. ಇಂಥದ್ದನ್ನು ಟೀಚರ್ ವರದಿ ಮಾಡಲೇಬೇಕು ಅನ್ನುವ ಕಾನೂನು ಎಷ್ಟೋ ಕಡೆ ಇದೆ. ನಿಮಗೆ ಅನ್ವಯಿಸುವ ನಿಯಮ ಏನು ಅಂತ ಇವತ್ತೇ ತಿಳಿದುಕೊಳ್ಳಿ, ಮಕ್ಕಳ ರಕ್ಷಣೆಯ ಹೊಣೆ ಹೊತ್ತವರ ಜೊತೆ ಮಾತಾಡಿ. ಅವಳಿಗೂ ಮುಚ್ಚುಮರೆ ಇಲ್ಲದೆ ಹೇಳಿ: ‘ನಿನ್ನ ಜೀವಕ್ಕೆ ತೊಂದರೆ ಇದೆ ಅನ್ನಿಸಿದರೆ ನಾನು ಕೆಲವರಿಗೆ ಹೇಳಬೇಕಾಗುತ್ತೆ. ಯಾರಿಗೆ, ಯಾವಾಗ, ಏನು ಅನ್ನೋದನ್ನು ನಿನಗೆ ಮೊದಲು ಹೇಳ್ತೀನಿ.’ ಹೇಳದೇ ವರದಿ ಮಾಡಿದರೆ ಅವಳಿಗೆ ಅದು ಬೆನ್ನಿಗೆ ಚೂರಿ. ಹೇಳಿ ಮಾಡಿದರೆ ಮುನಿಸಿಕೊಂಡರೂ ನಂಬಿಕೆ ಉಳಿಯುವ ಸಾಧ್ಯತೆ ಇದೆ.

ಇನ್ನು ಗೆಳತಿಯರು. ನಿಮ್ಮ ಪತ್ರದಲ್ಲಿ ಅವರು ಒಂದೇ ಸಾಲಿನಲ್ಲಿ ಬಂದು ಹೋದರು, ನನಗೆ ಮಾತ್ರ ಅವರೇ ಮುಖ್ಯ ಅನ್ನಿಸಿತು. ಹದಿಹರೆಯದವರು ಇಂಥದ್ದನ್ನು ಮೊದಲು ಹೇಳಿಕೊಳ್ಳುವುದು ದೊಡ್ಡವರಿಗಲ್ಲ, ಗೆಳೆಯರಿಗೆ. ಆ ಗುಂಪಿನವರು ಈಗ ಏನಂದುಕೊಂಡಿದ್ದಾರೆ ಯೋಚಿಸಿ. ‘ಬಾಯ್‌ಫ್ರೆಂಡ್ ಸಿಕ್ಕಿದ ಮೇಲೆ ನಮ್ಮನ್ನು ಮರೆತಳು’ ಅಂತ ನೊಂದುಕೊಂಡಿರುತ್ತಾರೆ. ಅವಳಾಗಿ ದೂರ ಹೋಗಲಿಲ್ಲ, ದೂರ ಮಾಡಲಾಯಿತು ಅನ್ನುವುದು ಅವರಿಗೆ ಹೊಳೆದಿರುವುದಿಲ್ಲ. ಅವಳ ಗುಟ್ಟು ಬಿಟ್ಟುಕೊಡದೆಯೂ ನೀವು ಇಲ್ಲಿ ಏನಾದರೂ ಮಾಡಬಹುದು. ಇಡೀ ಕ್ಲಾಸಿಗೆ ಸ್ನೇಹ, ಪ್ರೀತಿ, ಹಿಡಿತದ ಬಗ್ಗೆ ಒಂದು ಪಾಠ ಮಾಡಬಹುದು. ಗುಂಪು ಕೆಲಸ ಕೊಡುವಾಗ ಹಳೆಯ ಗೆಳತಿಯ ಜೊತೆ ಅವಳನ್ನು ಹಾಕಬಹುದು. ಅವನಿಗೆ ಅದು ಅವಳ ಆಯ್ಕೆ ಅನ್ನಿಸುವುದಿಲ್ಲ, ಟೀಚರ್ ಮಾಡಿದ ಗುಂಪು ಅನ್ನಿಸುತ್ತೆ. ಹೀಗೆ ಅವಳಿಗೆ ಬೈಗುಳ ಬೀಳದಂತೆ ವಾರಕ್ಕೆ ಒಂದು ಗಂಟೆ ಗೆಳತಿ ಸಿಗುತ್ತಾಳೆ.

ಯಾರಾದರೂ ಗೆಳತಿ ತಾನಾಗಿ ನಿಮ್ಮ ಹತ್ತಿರ ಬಂದರೆ ಅವಳಿಗೆ ಇಷ್ಟು ಹೇಳಿ: ಅವಳನ್ನು ಕರೆಯುವುದು ನಿಲ್ಲಿಸಬೇಡ, ಹತ್ತು ಸಲ ಬರದಿದ್ದರೂ ಹನ್ನೊಂದನೇ ಸಲ ಕರಿ. ಅವನಾ ನಾವಾ ಅಂತ ಆರಿಸಲು ಹೇಳಬೇಡ. ಅವಳ ಫೋನ್ ಅವನು ನೋಡುತ್ತಾನೆ, ಹಾಗಾಗಿ ಅವನ ಬಗ್ಗೆ ಮೆಸೇಜಿನಲ್ಲಿ ಬರೆಯಬೇಡ, ಎದುರಿಗೆ ಸಿಕ್ಕಾಗ ಮಾತಾಡು. ಮುಖ್ಯವಾಗಿ, ಈ ಭಾರ ನೀನೊಬ್ಬಳೇ ಹೊರಬೇಡ. ಹದಿನಾರು ವರ್ಷದ ಹುಡುಗಿ ರಾತ್ರಿ ಎರಡು ಗಂಟೆಗೆ ಇನ್ನೊಬ್ಬ ಹುಡುಗಿಯ ಅಳು ಕೇಳುತ್ತಾ, ಏನಾದರೂ ಮಾಡಿಕೊಂಡರೆ ಅಂತ ನಡುಗುತ್ತಾ ಕೂರಬಾರದು. ಗೆಳತಿ ಗೆಳತಿಯಾಗಿಯೇ ಇರಲಿ. ಕಾವಲು ಕಾಯುವ ಕೆಲಸ ದೊಡ್ಡವರದು.

ಮನೆಯವರ ವಿಷಯ ಸೂಕ್ಷ್ಮ. ಮಕ್ಕಳು ಮನೆಯಲ್ಲಿ ಬಾಯಿ ಬಿಡದಿರಲು ದೊಡ್ಡ ಕಾರಣ, ಪ್ರೀತಿಯ ವಿಷಯ ಗೊತ್ತಾದರೆ ಫೋನ್ ಹೋಗುತ್ತೆ, ಹೊರಗೆ ಹೋಗುವುದು ನಿಲ್ಲುತ್ತೆ ಅನ್ನುವ ಭಯ. ಆ ಭಯ ಸುಳ್ಳೂ ಅಲ್ಲ. ಆದರೆ ಹಾಗೆ ಮಾಡಿದರೆ ತಪ್ಪು ಮಾಡಿದವನನ್ನು ಬಿಟ್ಟು ಪೆಟ್ಟು ತಿಂದವಳಿಗೆ ಶಿಕ್ಷೆ ಕೊಟ್ಟಂತೆ. ಉಳಿದಿದ್ದ ನಾಲ್ಕು ಜನರ ಸಂಪರ್ಕವೂ ಕಡಿದುಹೋಗುತ್ತೆ. ಅಪ್ಪ ಅಮ್ಮನ ಜೊತೆ ಮಾತಾಡುವ ಸಂದರ್ಭ ಬಂದರೆ ಇದನ್ನೇ ಮೊದಲು ಹೇಳಿ. ಕೆಲವು ಮನೆಗಳಲ್ಲಿ ಹೇಳುವುದೇ ಅಪಾಯ ಆಗಬಹುದು. ಅದನ್ನು ಅವಳನ್ನೇ ಕೇಳಿ, ಮನೆಯಲ್ಲಿ ಯಾರಿಗೆ ಹೇಳಿದರೆ ನಿನ್ನ ಜೊತೆ ನಿಲ್ಲುತ್ತಾರೆ ಅಂತ. ಬಹಳ ಸಲ ಅಕ್ಕನೋ ಚಿಕ್ಕಮ್ಮನೋ ಅಂಥ ಒಬ್ಬರು ಇರುತ್ತಾರೆ.

ಶಾಲೆಯ ಒಳಗಿನ ಹಿಂಸೆಗೆ ಒಂದು ವಿಶೇಷ ಕಷ್ಟ ಇದೆ. ಬಿಟ್ಟುಬಂದ ಮೇಲೂ ಅದೇ ಕ್ಲಾಸು, ಅದೇ ಮೆಟ್ಟಿಲು, ಅದೇ ಗ್ರೂಪ್ ಚಾಟ್. ಅವಳ ಧೈರ್ಯವೊಂದನ್ನೇ ನಂಬಿದರೆ ಸಾಲದು, ಜಾಗವೂ ಬದಲಾಗಬೇಕು. ನ್ಯೂಯಾರ್ಕ್ ನಗರದ 30 ಶಾಲೆಗಳಲ್ಲಿ 6 ಮತ್ತು 7ನೇ ತರಗತಿಯ ಮಕ್ಕಳೊಂದಿಗೆ ಬ್ರೂಸ್ ಟೇಲರ್, ನ್ಯಾನ್ ಸ್ಟೈನ್ ಮತ್ತಿತರರು ‘ಶಿಫ್ಟಿಂಗ್ ಬೌಂಡರೀಸ್’ ಎಂಬ ಕಾರ್ಯಕ್ರಮವನ್ನು ಪರೀಕ್ಷಿಸಿ ನೋಡಿದ್ದರು. ಕೆಲವು ಶಾಲೆಗಳಲ್ಲಿ ಪಾಠ ಮಾತ್ರ ಮಾಡಿದರು. ಕೆಲವು ಕಡೆ ಕಟ್ಟಡದ ಮಟ್ಟದಲ್ಲಿ ಬದಲಾವಣೆ ತಂದರು. ಮಕ್ಕಳಿಂದಲೇ ಶಾಲೆಯ ನಕ್ಷೆ ಬರೆಸಿ, ಎಲ್ಲಿ ಹೆದರಿಕೆ ಆಗುತ್ತೆ ಅಂತ ಗುರುತು ಹಾಕಿಸಿದರು. ಆ ಮೂಲೆಗಳಲ್ಲಿ ಟೀಚರ್‌ಗಳು ಹೆಚ್ಚು ನಿಂತರು. ತೊಂದರೆ ಕೊಟ್ಟವನು ಇಂಥವರಿಂದ ದೂರ ಇರಬೇಕು ಅಂತ ಲಿಖಿತ ಒಪ್ಪಂದ ಮಾಡಿಸಿದರು. ಫಲ ಕಂಡದ್ದು ಇಂಥ ಬದಲಾವಣೆ ಇದ್ದ ಶಾಲೆಗಳಲ್ಲಿ. ಬರೀ ಪಾಠದಿಂದ ಹೆಚ್ಚೇನೂ ಆಗಲಿಲ್ಲ. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಆ ನಕ್ಷೆ. ಯಾವ ಮೆಟ್ಟಿಲ ಕೆಳಗೆ ಏನಾಗುತ್ತೆ ಅಂತ ಮಕ್ಕಳಿಗೆ ಗೊತ್ತಿರುತ್ತೆ, ಯಾರೂ ಕೇಳಿರುವುದಿಲ್ಲ.

ಆದ್ದರಿಂದ ನಿಮ್ಮ ಶಾಲೆಯಲ್ಲಿ ಸೀಟು, ಲ್ಯಾಬ್ ಜೋಡಿ, ಪ್ರವಾಸದ ಬಸ್ಸು ಇವನ್ನೆಲ್ಲ ನೋಡಿ. ಬದಲಾವಣೆ ಮಾಡಬೇಕಾಗಿ ಬಂದಾಗ ಸೆಕ್ಷನ್ ಬದಲಾಗಬೇಕಾದ್ದು ಅವನದು. ಅವಳನ್ನು ಬೇರೆ ಸೆಕ್ಷನ್ನಿಗೆ ಹಾಕಿದರೆ ಉಳಿದ ಗೆಳತಿಯರೂ ಹೋದರು. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ‘ಮಾತಾಡಿ ಸರಿ ಮಾಡಿಕೊಳ್ಳಿ’ ಅನ್ನುವ ರಾಜಿ ಪಂಚಾಯಿತಿ ಖಂಡಿತ ಬೇಡ. ಒಬ್ಬರು ಇನ್ನೊಬ್ಬರಿಗೆ ಹೆದರುವಾಗ ಅದು ಮಾತುಕತೆ ಆಗುವುದಿಲ್ಲ. ಅವಳು ಅವನ ಎದುರಿಗೆ ಹೂಂ ಅಂದು, ಹೊರಗೆ ಬಂದ ಮೇಲೆ ಅದರ ಬೆಲೆ ತೆರುತ್ತಾಳೆ.

ಆ ಹುಡುಗನೂ ನಿಮ್ಮ ವಿದ್ಯಾರ್ಥಿಯೇ. ಅವನಿಗೂ ಒಬ್ಬರು ಬೇಕು, ಆದರೆ ಅದು ನೀವಾಗಬಾರದು. ಇಬ್ಬರ ಗುಟ್ಟೂ ಒಬ್ಬರ ಹತ್ತಿರ ಇದ್ದರೆ ಅವಳು ಬಾಯಿ ಬಿಡುವುದಿಲ್ಲ. ಅವನು ಗೌರವ ಕೊಡುವ ಒಬ್ಬ ಟೀಚರ್ ಅಥವಾ ಕ್ರೀಡಾ ತರಬೇತುದಾರರು ಈ ಕೆಲಸಕ್ಕೆ ಸರಿ. ಕ್ಯಾಲಿಫೋರ್ನಿಯಾದಲ್ಲಿ ಎಲಿಜಬೆತ್ ಮಿಲ್ಲರ್ ಅವರ ತಂಡ ಹೈಸ್ಕೂಲ್ ಕೋಚ್‌ಗಳಿಂದ ಹುಡುಗರಿಗೆ ವಾರಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಗೌರವದ ಸಂಬಂಧಗಳ ಬಗ್ಗೆ ಮಾತಾಡಿಸಿತ್ತು. ಒಂದು ವರ್ಷದ ನಂತರ ನೋಡಿದಾಗ ಆ ಹುಡುಗರು ಸಂಗಾತಿಗೆ ಹಿಂಸೆ ಕೊಟ್ಟದ್ದು ಉಳಿದವರಿಗಿಂತ ಕಡಿಮೆ ಇತ್ತು. ಅಂದಹಾಗೆ, ಹುಡುಗರೂ ಹಿಂಸೆ ಅನುಭವಿಸುತ್ತಾರೆ, ಒಂದೇ ಲಿಂಗದ ಜೋಡಿಗಳಲ್ಲೂ ಇದು ನಡೆಯುತ್ತೆ. ‘ಹುಡುಗ ಆಗಿ ಅಳ್ತೀಯಾ’ ಅನ್ನುವ ಒಂದು ಮಾತಿಗೆ ಅವರ ಬಾಯಿ ಮುಚ್ಚುತ್ತೆ. ನಿಮ್ಮ ಕ್ಲಾಸಿನ ಪಾಠ ಅವರಿಗೂ ಜಾಗ ಬಿಟ್ಟಿರಲಿ.

ಜೊತೆಗೆ ನಿಲ್ಲುವುದರಿಂದ ಎಲ್ಲವೂ ಆಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಕತ್ತು ಹಿಸುಕಿದ, ಆಯುಧ ತೋರಿಸಿದ, ಕೊಲ್ಲುತ್ತೇನೆ ಅಂದ, ಬಲವಂತವಾಗಿ ಮೈ ಮುಟ್ಟಿದ ಅಂತ ಕೇಳಿಬಂದರೆ ಕಾಯುವಂತಿಲ್ಲ, ಅಂದೇ ಮಕ್ಕಳ ಸಹಾಯವಾಣಿ ಅಥವಾ ಪೊಲೀಸರ ನೆರವು ಬೇಕು. ಕತ್ತು ಹಿಸುಕಿದ್ದರೆ ಹೊರಗೆ ಗುರುತು ಇಲ್ಲದಿದ್ದರೂ ಡಾಕ್ಟರಿಗೆ ತೋರಿಸಬೇಕು. ಧ್ವನಿ ಒಡೆಯುವುದು, ನುಂಗಲು ಕಷ್ಟ, ಕಣ್ಣಿನಲ್ಲಿ ಕೆಂಪು ಚುಕ್ಕೆ ಇವು ಎಚ್ಚರಿಕೆಯ ಲಕ್ಷಣ. ಸಾಯುವ ಮಾತು ಬಂದರೆ ನೇರವಾಗಿ ಕೇಳಿ, ‘ಸಾಯಬೇಕು ಅನ್ನಿಸಿದೆಯಾ?’ ಅಂತ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ. 2013ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ಹದಿಹರೆಯದಲ್ಲಿ ಸಂಗಾತಿಯಿಂದ ಹಿಂಸೆ ಅನುಭವಿಸಿದವರನ್ನು ಐದು ವರ್ಷಗಳ ನಂತರ ನೋಡಿತು. ಹುಡುಗಿಯರಲ್ಲಿ ಖಿನ್ನತೆಯ ಲಕ್ಷಣಗಳು, ಹುಡುಗ ಹುಡುಗಿ ಇಬ್ಬರಲ್ಲೂ ಆತ್ಮಹತ್ಯೆಯ ಯೋಚನೆ, ದೊಡ್ಡವರಾದ ಮೇಲೂ ಮತ್ತೆ ಇಂಥದ್ದೇ ಸಂಬಂಧ ಇವೆಲ್ಲ ಹೆಚ್ಚಾಗಿದ್ದವು. ನಿದ್ದೆ ಬಾರದಿರುವುದು, ಬೆಚ್ಚಿಬೀಳುವುದು ವಾರಗಟ್ಟಲೆ ಮುಂದುವರಿದರೆ ಅವಳಿಗೆ ತರಬೇತಿ ಇರುವ ಕೌನ್ಸೆಲರ್ ಬೇಕು. ನಿಮ್ಮ ಕೆಲಸ ಅಲ್ಲಿಯವರೆಗೆ ಅವಳ ಜೊತೆ ನಡೆದು ಹೋಗುವುದು. ನಿಜವಾಗಿಯೂ ನಡೆದು ಹೋಗಿ. ‘ಕೌನ್ಸೆಲರ್ ಹತ್ತಿರ ಹೋಗು’ ಅಂತ ಚೀಟಿ ಕೊಟ್ಟರೆ ಎಷ್ಟೋ ಮಕ್ಕಳು ಬಾಗಿಲವರೆಗೆ ಹೋಗಿ ವಾಪಸ್ ಬರುತ್ತಾರೆ.

ಸದ್ಯಕ್ಕೆ ಮಾಡಬೇಕಾದ್ದು ಎರಡು. ಅವತ್ತು ನೀವು ಕಂಡದ್ದು, ಅವಳು ಹೇಳಿದ್ದು, ಅವಳದೇ ಮಾತಿನಲ್ಲಿ, ತಾರೀಖಿನ ಸಮೇತ ಬರೆದು ಜೋಪಾನವಾಗಿ ಇಡಿ. ವರದಿಗೆ ಅದು ಬೇಕಾಗುತ್ತೆ. ವರದಿಯ ವಿಷಯ ಅವಳಿಗೆ ತಿಳಿಸಲೇಬೇಕು, ಅದಕ್ಕಾಗಿ ಮೊದಲು ಮಾತು ಶುರುವಾಗಬೇಕು. ನಾಳೆ ನೋಟ್‌ಬುಕ್ ವಾಪಸ್ ಕೊಡುವಾಗಲೋ, ಹಾಜರಿ ಮುಗಿದ ಮೇಲೋ, ಅವನು ಪಕ್ಕದಲ್ಲಿ ಇಲ್ಲದ ಒಂದು ನಿಮಿಷ ನೋಡಿಕೊಂಡು ಹೇಳಿ: ‘ಅವತ್ತು ನಾನು ಅವಸರ ಮಾಡಿದೆ ಅನ್ಸುತ್ತೆ. ನೀನು ಏನೇ ತೀರ್ಮಾನ ಮಾಡಿದ್ರೂ ನನಗೆ ನಿನ್ನ ಮೇಲೆ ಬೇಜಾರಿಲ್ಲ. ನಿನ್ನ ಹತ್ತಿರ ಒಂದು ವಿಷಯ ಮಾತಾಡೋದಿದೆ, ಲೈಬ್ರರಿಯಲ್ಲಿ ಸಿಗ್ತೀಯಾ?’ ಅವಳು ತಲೆ ಎತ್ತದೆ ಹೊರಟರೆ ಹೋಗಲು ಬಿಡಿ. ಅದೇ ದಿನ ಕೌನ್ಸೆಲರ್‌ಗೆ ವಿಷಯ ತಿಳಿಸಿ, ಮರುದಿನ ಇನ್ನೊಂದು ನೆಪ ಹುಡುಕಿ ಮತ್ತೆ ಮಾತಾಡಿಸಿ.